ಕಿಮೋನೊ ಕಳಚಿಟ್ಟ ಮೇಲೆ: ತೊಶಿಕೊ ಅಕಿಯೋಶಿ

ನನಗೆ ಜಾಝ್ ಹುಚ್ಚು ಹಿಡಿಸಿದ್ದು ನಮ್ಮ ಬೆಂಗಳೂರಿನವರೇ. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ ‘ಜ್ಯೋತಿ’ ಎಂಬ ಆಲ್ಬಂ ಹೊರತಂದಿತ್ತು. ಅದರಲ್ಲಿ ಆರ್.ಎ. ರಮಾಮಣಿಯವರ ಗಾಯನ, ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಲಯ, ಜೊತೆಗೆ ಚಾರ್ಲಿ ಮರಿಯಾನೊ ಎಂಬ ಅಮೆರಿಕನ್ ಸ್ಯಾಕ್ಸೋಫೋನ್ ವಾದಕ. ಪುಣೆಯ ಹಿಂಜೇವಾಡಿ ಟ್ರಾಫಿಕ್ಕಿನಲ್ಲಿ ದಿನಾ ಸಂಜೆ ಒಂದೂವರೆ ಗಂಟೆ ಸಿಕ್ಕಿಕೊಳ್ಳುವ ನನ್ನಂಥವನಿಗೆ ಕೇಳಲು ಸಮಯಕ್ಕೇನೂ ಕೊರತೆಯಿಲ್ಲ. ನಾಗಸ್ವರವನ್ನೂ ಕಲಿತ ಈ ಮರಿಯಾನೊ ಯಾರಪ್ಪಾ ಎಂದು ಹಿಂದಕ್ಕೆ ಹುಡುಕುತ್ತ ಹೋದಾಗ, 1960ರಲ್ಲಿ ಮುದ್ರಿಸಿದ ‘ತೊಶಿಕೊ ಮರಿಯಾನೊ ಕ್ವಾರ್ಟೆಟ್’ ಸಿಕ್ಕಿತು. ಪಿಯಾನೋ ನುಡಿಸಿದ್ದು ಆಗಿನ ಅವರ ಹೆಂಡತಿ. ಅವತ್ತಿನಿಂದ ನಾನು ಗಂಡನನ್ನು ಬಿಟ್ಟು ಹೆಂಡತಿಯ ಬೆನ್ನು ಹತ್ತಿದೆ.

ತೊಶಿಕೊ ಅಕಿಯೋಶಿ ಹುಟ್ಟಿದ್ದು 1929ರಲ್ಲಿ, ಮಂಚೂರಿಯಾದ ಲಿಯಾವ್‌ಯಾಂಗ್‌ನಲ್ಲಿ. ಅಂದರೆ ಜಪಾನ್ ಅವರ ತಂದೆತಾಯಿಯ ಊರೇ ಹೊರತು ಹುಟ್ಟೂರಲ್ಲ. ಯುದ್ಧದಲ್ಲಿ ಜಪಾನ್ ಸೋತ ಮೇಲೆ ಮನೆಮಠ ಎಲ್ಲ ಕಳೆದುಕೊಂಡ ಕುಟುಂಬ 1946ರಲ್ಲಿ ಕ್ಯೂಶೂ ದ್ವೀಪದ ಬೆಪ್ಪು ಪಟ್ಟಣಕ್ಕೆ ಬಂದು ಸೇರಿತು. ಬಾಲ್ಯದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ ಕಲಿತಿದ್ದ ಹುಡುಗಿಯ ಮನೆಯಲ್ಲಿ ಈಗ ಪಿಯಾನೋ ಇರಲಿಲ್ಲ, ಊರಿನ ಡ್ಯಾನ್ಸ್ ಹಾಲ್‌ನಲ್ಲಿ ಇತ್ತು. ಹೋಗಿ ಕೆಲಸಕ್ಕೆ ಸೇರಿಕೊಂಡರು. ರೆಕಾರ್ಡ್ ಸಂಗ್ರಹಿಸುವ ಒಬ್ಬರು ಟೆಡ್ಡಿ ವಿಲ್ಸನ್ನರ ವಾದನ ಕೇಳಿಸಿದ ಮೇಲೆ ಜಾಝ್ ಬಿಟ್ಟು ಬೇರೆ ದಾರಿ ಕಾಣಲಿಲ್ಲ. ಟೋಕಿಯೊಗೆ ಹೋಗಿ ಸ್ವಂತ ತಂಡ ಕಟ್ಟಿದರು. ಬಡ್ ಪವೆಲ್ ಅವರ ಮಾನಸ ಗುರು.

ಆಸ್ಕರ್ ಪೀಟರ್ಸನ್ ಜಪಾನ್ ಪ್ರವಾಸಕ್ಕೆ ಬಂದಾಗ ಕ್ಲಬ್ಬೊಂದರಲ್ಲಿ ಇವರ ವಾದನ ಕೇಳಿ, ನಿರ್ಮಾಪಕ ನಾರ್ಮನ್ ಗ್ರ್ಯಾಂಜ್‌ಗೆ ಹೇಳಿದರು. 1953ರಲ್ಲಿ ಮೊದಲ ರೆಕಾರ್ಡ್ ಆಯಿತು. 1956ರಲ್ಲಿ ವಿದ್ಯಾರ್ಥಿವೇತನದ ಮೇಲೆ ಬಾಸ್ಟನ್‌ನ ಬರ್ಕ್ಲೀ ಸಂಗೀತ ಶಾಲೆಗೆ ಹೋದರು. ಅಲ್ಲಿ ಓದಿದ ಮೊದಲ ಜಪಾನಿ ಅವರು.

ಅಮೆರಿಕದ ಪತ್ರಿಕೆಗಳು, ಟೆಲಿವಿಷನ್ ಎಲ್ಲ ಅವರನ್ನು ಮೆರೆಸಿದವು. ವೇದಿಕೆಯ ಮೇಲೆ ಕಿಮೋನೊ, ಬೆರಳಲ್ಲಿ ಬಡ್ ಪವೆಲ್. ತನಗೆ ಸಿಕ್ಕ ಆ ಗಮನ ಸಂಗೀತಕ್ಕಲ್ಲ, ತಾನೊಂದು ವಿಚಿತ್ರ ಎಂಬುದಕ್ಕೆ ಎಂದು ತೊಶಿಕೊ ಮುಂದೆ ನೇರವಾಗಿಯೇ ಹೇಳಿದ್ದಾರೆ. ಆ ಬೆರಗು ಆರಿದ ಮೇಲೆ ಉಳಿದದ್ದು ಕಷ್ಟದ ದಿನಗಳು. 1959ರಲ್ಲಿ ಮರಿಯಾನೊ ಜೊತೆ ಮದುವೆ, 1963ರಲ್ಲಿ ಮಗಳು ಮಿಚಿರು, 1967ರಲ್ಲಿ ವಿಚ್ಛೇದನ. ಅದೇ ವರ್ಷ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ತಮ್ಮ ಸ್ವಂತ ರಚನೆಗಳ ಕಛೇರಿ ಮಾಡಿದರು. ಪಿಯಾನೋ ವಾದಕಿಯೊಳಗಿನ ಸಂಯೋಜಕಿ ಆಗ ಹೊರಗೆ ಬಂದರು.

1969ರಲ್ಲಿ ಸ್ಯಾಕ್ಸೋಫೋನ್ ಮತ್ತು ಕೊಳಲು ವಾದಕ ಲೂ ಟಬಾಕಿನ್ ಅವರನ್ನು ಮದುವೆಯಾದರು. 1972ರಲ್ಲಿ ಇಬ್ಬರೂ ಲಾಸ್ ಏಂಜಲೀಸ್‌ಗೆ ಹೋಗಿ, ಮರುವರ್ಷ 16 ಜನರ ಬಿಗ್ ಬ್ಯಾಂಡ್ ಕಟ್ಟಿದರು. ಬಿಗ್ ಬ್ಯಾಂಡ್ ಕಾಲ ಮುಗಿದೇ ಹೋಯಿತು ಎಂದು ಎಲ್ಲರೂ ನಂಬಿದ್ದ ಹೊತ್ತದು. ಸ್ಟುಡಿಯೋಗಳಲ್ಲಿ ಹೊಟ್ಟೆಪಾಡಿಗೆ ದುಡಿಯುತ್ತಿದ್ದ ವಾದಕರು ಬಿಡುವಿನಲ್ಲಿ ಬಂದು ತಾಲೀಮು ಮಾಡುತ್ತಿದ್ದರು. ಹದಿನಾರು ಜನರ ಟೀಮನ್ನು, ಅದೂ ಬಜೆಟ್ಟಿಲ್ಲದೆ, ಒಟ್ಟಿಗೆ ಇಟ್ಟುಕೊಳ್ಳುವುದು ಎಂಥ ಕೆಲಸ ಎಂಬುದು ನನ್ನ ವೃತ್ತಿಯವರಿಗೆ ಬೇರೆ ಹೇಳಬೇಕಿಲ್ಲ. ತೊಶಿಕೊ ಅದನ್ನು 30 ವರ್ಷ ಮಾಡಿದರು.

1974ರಲ್ಲಿ ಹಿರೋ ಒನೋಡಾ ಎಂಬ ಜಪಾನಿ ಸೈನಿಕ ಫಿಲಿಪ್ಪೀನ್ಸಿನ ಲುಬಾಂಗ್ ದ್ವೀಪದ ಕಾಡಿನಿಂದ ಹೊರಬಂದ. ಯುದ್ಧ ಮುಗಿದು ಸುಮಾರು 30 ವರ್ಷವಾದರೂ ಅವನ ಪಾಲಿಗೆ ಮುಗಿದಿರಲಿಲ್ಲ. ತೊಶಿಕೊ ಅವನನ್ನು ನೆನೆದು ‘ಕೋಗುನ್’ ರಚಿಸಿದರು. ಅದರಲ್ಲಿ ಜಾಝ್ ವಾದ್ಯಗಳ ನಡುವೆ ಜಪಾನಿನ ನೋ ನಾಟಕದ ಗಂಟಲು ಮತ್ತು ತ್ಸುಜುಮಿ ಎಂಬ ಕೈಮದ್ದಳೆ ಕೇಳಿಸುತ್ತವೆ. ಯಕ್ಷಗಾನದ ಭಾಗವತರನ್ನು ಕೇಳಿ ಬೆಳೆದ ನನ್ನ ಕಿವಿಗೆ ಆ ದನಿ ಹೊಸದೆನಿಸಿದರೂ ಅಪರಿಚಿತ ಅನಿಸಲಿಲ್ಲ.

ಆ ವರ್ಷದ ಮೇ ತಿಂಗಳಲ್ಲಿ ಡ್ಯೂಕ್ ಎಲಿಂಗ್ಟನ್ ತೀರಿಕೊಂಡರು. ಎಲಿಂಗ್ಟನ್‌ಗೆ ತನ್ನ ಕಪ್ಪು ಜನಾಂಗದ ಪರಂಪರೆಯ ಬಗ್ಗೆ ಎಷ್ಟು ಅರಿವಿತ್ತು, ಅದು ಅವರ ಸಂಗೀತದಲ್ಲಿ ಹೇಗೆ ಹರಿದಿತ್ತು ಎಂದು ವಿಮರ್ಶಕ ನ್ಯಾಟ್ ಹೆಂಟಾಫ್ ಬರೆದದ್ದನ್ನು ತೊಶಿಕೊ ಓದಿದರು. ಜಾಝ್ ಎಂಬುದು ಬೇರೊಬ್ಬರ ಮನೆಯ ಸಂಪತ್ತು. ಅಲ್ಲಿಂದ ಇಷ್ಟು ವರ್ಷ ಪಡೆದವಳು ತಾನು. ತಿರುಗಿ ಏನನ್ನು ಕೊಡಬಲ್ಲೆ? ತನ್ನಲ್ಲಿರುವುದು ಜಪಾನ್. ಈ ವಿಚಾರ ಅವರಲ್ಲಿ ಗಟ್ಟಿಯಾಯಿತು.

1976ರ ‘ಇನ್‌ಸೈಟ್ಸ್’ ಆಲ್ಬಂನಲ್ಲಿ ‘ಮಿನಮಾತ’ ಎಂಬ ದೀರ್ಘ ರಚನೆಯಿದೆ. ಮಿನಮಾತ ಕ್ಯೂಶೂ ದ್ವೀಪದ ಒಂದು ಮೀನುಗಾರರ ಊರು. ರಾಸಾಯನಿಕ ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿಗೆ ಸೇರಿ, ಮೀನಿನಿಂದ ಮನುಷ್ಯರಿಗೆ ಸೇರಿ, ನರಗಳನ್ನೇ ತಿಂದುಹಾಕಿತು. ತಾಯಿಯ ಹೊಟ್ಟೆಯಲ್ಲಿದ್ದ ಕೂಸುಗಳನ್ನೂ ಅದು ಬಿಡಲಿಲ್ಲ. ತೊಶಿಕೊ ಈ ಕಥೆಯನ್ನು ಶಾಂತವಾದ ಹಳ್ಳಿಯಿಂದ ಶುರುಮಾಡಿ, ಸಮೃದ್ಧಿ ಮತ್ತು ಅದರ ಪರಿಣಾಮವನ್ನು ದಾಟಿಸಿ, ಉಪಸಂಹಾರಕ್ಕೆ ತರುತ್ತಾರೆ. ಆರಂಭದಲ್ಲಿ ಕೇಳುವ ಎಳೆಯ ದನಿ ಮಗಳು ಮಿಚಿರುವಿನದು.

‘ಡೌನ್‌ಬೀಟ್’ ಪತ್ರಿಕೆಯ ಓದುಗರ ಮತದಾನದಲ್ಲಿ ಶ್ರೇಷ್ಠ ಸಂಯೋಜಕಿ ಎನಿಸಿಕೊಂಡ ಮೊದಲ ಮಹಿಳೆ ತೊಶಿಕೊ. ಗ್ರ್ಯಾಮಿಗೆ 14 ಸಲ ನಾಮನಿರ್ದೇಶನವಾದರೂ ಒಂದು ಸಲವೂ ಪ್ರಶಸ್ತಿ ಬರಲಿಲ್ಲ. ಎಂಬತ್ತರ ದಶಕದಲ್ಲಿ ನ್ಯೂಯಾರ್ಕಿಗೆ ಮರಳಿ ಹೊಸ ಆರ್ಕೆಸ್ಟ್ರಾ ಕಟ್ಟಿದರು. 2001ರ ಆಗಸ್ಟ್ 6ರಂದು, ಬಾಂಬ್ ಬಿದ್ದ ದಿನದಂದೇ, ಹಿರೋಶಿಮಾದಲ್ಲಿ ಆ ನಗರಕ್ಕಾಗಿ ಬರೆದ ರಚನೆಯನ್ನು ನುಡಿಸಿದರು. ಅದರ ಕೊನೆಯ ಭಾಗದ ಹೆಸರು ‘ಹೋಪ್’, ಅಂದರೆ ಭರವಸೆ. 2003ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಆರ್ಕೆಸ್ಟ್ರಾಕ್ಕೆ ವಿದಾಯ ಹೇಳಿ, ತಾವು ಮೊದಲು ಹಿಡಿದ ಪಿಯಾನೋಗೇ ಮರಳಿದರು. 2007ರಲ್ಲಿ ಅಮೆರಿಕ ಸರ್ಕಾರದ ಜಾಝ್ ಮಾಸ್ಟರ್ ಗೌರವ ಬಂತು.

ಇದನ್ನೆಲ್ಲ ಓದಿಕೊಂಡ ಮೇಲೆ ನನ್ನನ್ನು ಕಾಡಿದ್ದು ಆ ಕಿಮೋನೊ. ಪ್ರತಿ ನವೆಂಬರಿನಲ್ಲಿ ನಾನೂ ಇಲ್ಲಿನ ರಾಜ್ಯೋತ್ಸವಕ್ಕೆ ಪಂಚೆ, ಶಲ್ಯ, ಮೈಸೂರು ಪೇಟ ಏರಿಸಿ ಫೋಟೋ ತೆಗೆಸಿಕೊಳ್ಳುವವನೇ. ಆಫೀಸಿನವರು ಅದಕ್ಕೆ ಲೈಕ್ ಒತ್ತುತ್ತಾರೆ. ಉಳಿದ ಹನ್ನೊಂದು ತಿಂಗಳು ನನ್ನ ಕನ್ನಡ ಊರಿಗೆ ಫೋನ್ ಮಾಡುವ ಭಾನುವಾರಕ್ಕೆ ಮೀಸಲು. ಕಿಮೋನೊ ಉಡುವುದೇನೂ ತಪ್ಪಲ್ಲ. ಆದರೆ ಅದು ಮೈಮೇಲಿನಿಂದ ಇಳಿದು ಕೆಲಸದೊಳಗೆ ಸೇರುವುದಕ್ಕೆ ತೊಶಿಕೊ ಅವರಂಥವರಿಗೂ ಸುಮಾರು ಹದಿನೆಂಟು ವರ್ಷ ಬೇಕಾಯಿತು.

ನನ್ನ ಮಗಳಿಗೆ ಹನ್ನೆರಡು ವರ್ಷ, ‘ಮಿನಮಾತ’ದ ಹೊತ್ತಿಗೆ ಮಿಚಿರುವಿಗಿದ್ದಷ್ಟೇ ವಯಸ್ಸು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಕಲಿಸದೇ ಇದ್ದವನು ನಾನು. ಈ ಬರಹವನ್ನು ನಾನೇ ಅವಳಿಗೆ ಓದಿ ಹೇಳಬೇಕು. ಮುಂದಿನದನ್ನಾದರೂ ಅವಳೇ ಓದಲಿ ಎಂದು ಮೊನ್ನೆ ಶನಿವಾರ ಒಂದು ಕಾಪಿ ಪುಸ್ತಕ ತಂದಿದ್ದೇನೆ. ಸದ್ಯಕ್ಕೆ ‘ಉ’ವರೆಗೆ ಬಂದಿದ್ದೇವೆ.