ಒಡಲು ಕೊಟ್ಟವರ ನೆನಪು: ವೀರಗಲ್ಲಿನ ಸೀಮೆಯಿಂದ ಅಂಗಾಂಗ ದಾನಿಗಳ ಗೌರವದ ಚರಿತ್ರೆ

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಮ್ಯಾಸಬೇಡ ಸಮುದಾಯದ ಕಟ್ಟೆಮನೆಗಳಲ್ಲಿ, ಅಂದರೆ ಕುಲದ ನ್ಯಾಯ, ಕಟ್ಟಳೆಗಳ ಕೇಂದ್ರಗಳಲ್ಲಿ ಒಂದು. ದೇವರ ಎತ್ತುಗಳನ್ನು ಸಾಕಿಕೊಂಡು ಬಂದ ಈ ಸೀಮೆಯಲ್ಲಿ ಸತ್ತ ಹಿರೀಕರು ಮರೆಯಾಗುವುದಿಲ್ಲ. ಗಾದ್ರಿಪಾಲನಾಯಕ, ಜಗಲೂರು ಪಾಪನಾಯಕರನ್ನು ಹಟ್ಟಿಗಳು ಇಂದಿಗೂ ಹಾಡಿ ನೆನೆಯುತ್ತವೆ. ಗೊಲ್ಲರಹಟ್ಟಿಗಳಲ್ಲಿ ಎತ್ತಪ್ಪ, ಜುಂಜಪ್ಪರಿಗೆ ಅದೇ ಮರ್ಯಾದೆ. ಇತ್ತ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಬೃಹತ್ ಶಿಲಾಸಮಾಧಿಗಳು, ಸತ್ತವರಿಗೆ ಕಲ್ಲು ನಿಲ್ಲಿಸುವ ರೂಢಿ ಇಲ್ಲಿ ಎಷ್ಟು ಹಿಂದಿನದೆಂಬುದಕ್ಕೆ ಸಾಕ್ಷಿ. ಅಂಗಾಂಗ ದಾನಿಗಳನ್ನು ಊರು ಹೇಗೆ ಗೌರವಿಸಬೇಕು ಎಂಬ ಇಂದಿನ ಪ್ರಶ್ನೆಯನ್ನು ಇಂಥ ನೆಲದ ಮೇಲೆ ನಿಂತು ಕೇಳಿಕೊಳ್ಳುವುದು ಉಚಿತ.

ಕಾದಿ ಸತ್ತವರಿಗೆ ನಿಲ್ಲಿಸಿದ ಕಲ್ಲು ವೀರಗಲ್ಲು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ತುರುಗೊಳ್, ಅಂದರೆ ದನಗಳಿಗಾಗಿ ನಡೆದ ಕಾಳಗ ಆಗಿದ್ದರೆ ವೀರನ ಪಕ್ಕದಲ್ಲಿ ದನಗಳ ಸಾಲು. ನಡುವಿನಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗದ ಮುಂದೆ ಅವನು ಕುಳಿತಿರುತ್ತಾನೆ. ಶಾಸನವಿದ್ದರೆ ಹೆಸರು, ಊರು, ಸತ್ತ ಕಾರಣ ಅದರಲ್ಲಿ ಸಿಗುತ್ತವೆ. ಅನೇಕ ಕಡೆ ಮನೆಯವರಿಗೆ ಬಿಟ್ಟ ಭೂಮಿಯ ವಿವರವೂ ಇರುತ್ತದೆ. ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು ಎಂದು ಕರೆದದ್ದು ಇಂಥ ದತ್ತಿಗಳನ್ನೇ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ 10ನೇ ಶತಮಾನದಲ್ಲಿ ನಿಲ್ಲಿಸಿದ ಕಲ್ಲು ಅದು. ಅದರ ಪೂಜೆಗೆ ಭೂಮಿ ಬಿಟ್ಟು, ಪೂಜಿಸದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ಪಾಪ ತಟ್ಟಲಿ ಎಂದೂ ಬರೆಸಿದ್ದಾರೆ. ನನ್ನ ದೃಷ್ಟಿಯಲ್ಲಿ ಕನ್ನಡನಾಡಿನ ಸ್ಮಾರಕ ಪರಂಪರೆಯ ಜೀವಾಳ ಈ ಸಾಲಿನಲ್ಲಿದೆ. ಕಲ್ಲು ನಿಲ್ಲಿಸಿದ ದಿನಕ್ಕೆ ಗೌರವ ಮುಗಿಯಲಿಲ್ಲ. ನಾಳೆ ಅದನ್ನು ನೋಡಿಕೊಳ್ಳುವವರು ಯಾರೆಂಬುದೂ ಅಂದೇ ತೀರ್ಮಾನವಾಯಿತು.

ತಲೆಯನ್ನೇ ಅರ್ಪಿಸಿ ಸತ್ತವರ ಸಿಡಿತಲೆಯ ಕಲ್ಲುಗಳದು ಬೇರೆ ಮಾತು. ಅಲ್ಲಿ ಒಡಲು ಒಡೆಯನಿಗೆ ಅಥವಾ ದೈವಕ್ಕೆ ಸಂದಿತು. ಹೆಸರೂ ಗೊತ್ತಿಲ್ಲದ ರೋಗಿಗೆ ದೇಹದ ಭಾಗ ಸಲ್ಲುವುದು ನಮ್ಮ ಕಾಲದ ಸಂಗತಿ. ಅದಕ್ಕೆ ಕಾನೂನಿನ ನೆಲೆ ಸಿಕ್ಕಿದ್ದು 1994ರ ಮಾನವ ಅಂಗಾಂಗ ಕಸಿ ಕಾಯ್ದೆಯಿಂದ. ಮಿದುಳು ನಿಷ್ಕ್ರಿಯವಾಗಿದೆ ಎಂದು ನಾಲ್ವರು ವೈದ್ಯರ ತಂಡ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ಆಗಲೂ ಯಂತ್ರದ ನೆರವಿನಿಂದ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಆ ಮೈಯನ್ನು ಮುಟ್ಟಿಕೊಂಡೇ ಮನೆಯವರು ಒಪ್ಪಿಗೆಗೆ ಸಹಿ ಹಾಕಬೇಕು. ಹೀಗಾಗಿ ದಾನಿಯ ಜತೆಗೆ ಈ ಮನೆಯವರೂ ಗೌರವಕ್ಕೆ ಪಾತ್ರರು.

ಕನ್ನಡಿಗರಲ್ಲಿ ಈ ಅರಿವನ್ನು ಬೆಳೆಸಿದ್ದರಲ್ಲಿ ಸಿನಿಮಾದವರ ಪಾಲು ದೊಡ್ಡದು. ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಅಗಲಿದ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳ ಪಾರದರ್ಶಕ ಪಟಲವನ್ನು ನಾರಾಯಣ ನೇತ್ರಾಲಯದ ವೈದ್ಯರು ಪದರ ಬಿಡಿಸಿ ನಾಲ್ವರಿಗೆ ಕಸಿ ಮಾಡಿದರು. ನೇತ್ರದಾನಕ್ಕೆ ಹೆಸರು ಬರೆಸಲು ಆಮೇಲೆ ಜನ ಸಾಲುಗಟ್ಟಿದರು. ಅದೇ ವರ್ಷದ ಜೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದರು. ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಸರ್ಕಾರಿ ಗೌರವದೊಂದಿಗೆ ಅವರ ಅಂತ್ಯಕ್ರಿಯೆ ನಡೆಯಿತು. ಪ್ರಶಸ್ತಿ ಪಡೆದ ನಟನೊಬ್ಬನಿಗೆ ಸಂದ ಗೌರವ ಅದು. ಹೆಸರಿಲ್ಲದ ಕೂಲಿಯವನ ಮನೆಯೂ ಅದೇ ದಾನ ಮಾಡುತ್ತದೆ.

ಹೆಸರಿಲ್ಲದವರಿಗೂ ಆ ಗೌರವ ಸಲ್ಲಬೇಕೆಂದು ತಮಿಳುನಾಡು ತೀರ್ಮಾನಿಸಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಅಂಗಾಂಗ ದಾನಿಗಳೆಲ್ಲರ ಅಂತ್ಯಕ್ರಿಯೆಗೆ ಸರ್ಕಾರಿ ಗೌರವವನ್ನು ಅದು ಘೋಷಿಸಿತು. ಕರ್ನಾಟಕದಲ್ಲಿ ದಾನದ ವ್ಯವಸ್ಥೆಯನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. 2023ರಲ್ಲಿ ರಾಜ್ಯದಲ್ಲಿ 178 ಮಂದಿಯ ಅಂಗಾಂಗಗಳು ಮರಣಾನಂತರ ದಾನವಾದವು. ಕುಟುಂಬಗಳಿಗೆ ಪ್ರಶಂಸಾಪತ್ರ ಕೊಡುವ ಪದ್ಧತಿ ಇಲ್ಲಿ ಬಂದಿದೆ. ಇದು ಒಳ್ಳೆಯದೇ. ಆದರೆ ಪತ್ರ ಮನೆಯ ಗೋಡೆಗೆ ಸೇರುತ್ತದೆ, ವೀರಗಲ್ಲು ಇದ್ದದ್ದು ಊರಿನ ದಾರಿಯಲ್ಲಿ. ಆಸ್ಪತ್ರೆಯ ಗೋಡೆಯ ಮೇಲೆ ಹೆಸರು ಕೆತ್ತಿಸಿದರೂ ಅದನ್ನು ಓದುವವರು ದಾನಿಯನ್ನು ಕಂಡವರಲ್ಲ. ಆದ್ದರಿಂದ ದಾನಿಯ ಹೆಸರು ಅವರ ಊರಲ್ಲೇ, ಪಂಚಾಯಿತಿ ಕಟ್ಟೆಯಲ್ಲೋ ಶಾಲೆಯ ಅಂಗಳದಲ್ಲೋ ನಿಲ್ಲಬೇಕು. ಅದರ ನಿಗಾ ಯಾರದೆಂದು ಗ್ರಾಮ ಪಂಚಾಯಿತಿಯ ಠರಾವಿನಲ್ಲೇ ದಾಖಲಾಗಬೇಕು. ಆತಕೂರಿನವರು ಒಂದು ನಾಯಿಗಾಗಿ ಮಾಡಿದ ಏರ್ಪಾಡು ಮನುಷ್ಯರಿಗೂ ಸಿಗಲಿ.

ಇದಕ್ಕೆ ಎರಡು ಕಟ್ಟುಪಾಡು ಬೇಕು. ಮನೆಯವರ ಒಪ್ಪಿಗೆಯಿಲ್ಲದೆ ಹೆಸರು ಕೆತ್ತಬಾರದು. ಅಂಗ ಪಡೆದವರ ಗುರುತು ಅಲ್ಲಿ ಕಾಣಬಾರದು. ನನ್ನಿವಾಳದಂಥ ಊರಿನ ಮಟ್ಟಿಗೆ ಇನ್ನೊಂದು ವಿವರ ಮುಖ್ಯ. ಹೃದಯ, ಯಕೃತ್ತು ದಾನವಾಗಲು ನೋಂದಾಯಿತ ಆಸ್ಪತ್ರೆಯ ತೀವ್ರ ನಿಗಾ ಘಟಕವೇ ಬೇಕು. ಕಣ್ಣಿಗೆ ಹಾಗಿಲ್ಲ: ಉಸಿರು ನಿಂತ ಆರು ಗಂಟೆಯೊಳಗೆ ನೇತ್ರ ಬ್ಯಾಂಕಿನವರು ಮನೆಗೇ ಬಂದು ಪಡೆಯಬಹುದು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿದರೆ ಸಾಕು. ಊರಿನ ಕಲ್ಲಿನಲ್ಲಿ ನೇತ್ರದಾನಿಗಳಿಗೂ ಸ್ಥಳ ಬಿಟ್ಟರೆ ಹಟ್ಟಿಯ ಅಜ್ಜ, ಅಜ್ಜಿಯರ ಹೆಸರೇ ಮೊದಲು ಬರಬಹುದು.