ಸೋಯಾ ಅವರೆಯಲ್ಲಿ ಬೇರು ಮತ್ತು ಬುಡ ಕೊಳೆ: ರೋಗಕಾರಕ ಶಿಲೀಂಧ್ರವನ್ನು ಗುರುತಿಸುವ ಬಗೆ

ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಮುಂಗಾರಿನ ಸೋಯಾ ಅವರೆ ಅಲ್ಲಲ್ಲಿ ಹಳದಿಯಾಗಿ ಬಾಡತೊಡಗಿದಾಗ ಅದನ್ನು ‘ಬೇರು ಕೊಳೆ’ ಎಂದು ಕರೆಯುವುದು ವಾಡಿಕೆ. ಆದರೆ ಬೇರು ಕೊಳೆ ಒಂದೇ ರೋಗವಲ್ಲ. ಮಣ್ಣಿನಲ್ಲಿ ಬದುಕುವ ಹಲವು ಶಿಲೀಂಧ್ರಗಳು ಬೆಳೆಯ ಬೇರೆ ಬೇರೆ ಹಂತಗಳಲ್ಲಿ ಇದನ್ನು ಉಂಟುಮಾಡುತ್ತವೆ. ಒಂದನ್ನು ಹತೋಟಿಗೆ ತರುವ ಔಷಧಿ ಇನ್ನೊಂದಕ್ಕೆ ನಿರುಪಯುಕ್ತವಾಗಬಹುದು. ಅದಕ್ಕಿಂತ ಮುಖ್ಯವಾಗಿ, ಅದೇ ಹೊಲದಲ್ಲಿ ಹಿಂಗಾರಿಗೆ ಬಿತ್ತುವ ಕಡಲೆಗೂ ಈ ಶಿಲೀಂಧ್ರಗಳಲ್ಲಿ ಕೆಲವು ತಗಲುತ್ತವೆ.

ಬಾಡಿದ ಗಿಡವನ್ನು ಕೈಯಿಂದ ಎಳೆಯಬೇಡಿ. ಕೊಳೆತ ಬೇರು ಮಣ್ಣಿನಲ್ಲೇ ಉಳಿದುಬಿಡುತ್ತದೆ. ಸಲಿಕೆಯಿಂದ ಮಣ್ಣುಸಹಿತ ಅಗೆದು, ಮೊದಲು ಬುಡದ ಸುತ್ತಲಿನ ಮಣ್ಣನ್ನು ನೋಡಿ, ಆಮೇಲೆ ಬೇರನ್ನು ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ನಂತರ ಕಾಂಡವನ್ನು ಉದ್ದಕ್ಕೆ ಸೀಳಿ. ಒಳಗೆ ಸುರಂಗ ಅಥವಾ ಮರಿಹುಳು ಕಂಡರೆ ಅದು ಕಾಂಡ ನೊಣದ ಬಾಧೆ, ಶಿಲೀಂಧ್ರನಾಶಕದಿಂದ ಪ್ರಯೋಜನವಿಲ್ಲ. ಎಷ್ಟೋ ಸಲ ರೈತರು ಅಂಗಡಿಯಿಂದ ಔಷಧಿ ತಂದ ಮೇಲೆಯೇ ಕಾಂಡವನ್ನು ಸೀಳಿ ನೋಡುತ್ತಾರೆ!

ಮೊಳಕೆ ಹಂತದಲ್ಲಿ, ನೀರು ನಿಂತ ತಗ್ಗಿನಲ್ಲಿ ಸಸಿಗಳು ಮೆತ್ತಗಾಗಿ ಒದ್ದೆಯಾಗಿ ಕೊಳೆತಿದ್ದರೆ ಪಿಥಿಯಂ ಇರುವ ಸಂಭವ ಹೆಚ್ಚು. ಇದು ನಿಜವಾದ ಶಿಲೀಂಧ್ರಗಳ ಗುಂಪಿಗೆ ಸೇರದು. ಕಾರ್ಬೆಂಡಜಿಮ್ ಇದನ್ನು ತಡೆಯುವುದಿಲ್ಲ. ಬುಡದಲ್ಲಿ ಕೆಂಪು ಮಿಶ್ರಿತ ಕಂದು ಬಣ್ಣದ, ಒಣಗಿದ ತಗ್ಗು ಗಾಯವಿದ್ದರೆ ರೈಜೋಕ್ಟೋನಿಯಾ ಸೊಲಾನಿ ಎಂದು ಶಂಕಿಸಿರಿ.

ಬುಡದ ಮೇಲೆ ಬೀಸಣಿಗೆಯಂತೆ ಹರಡಿದ ಬಿಳಿ ನೂಲಿನಂತಹ ಬೆಳವಣಿಗೆ, ಅದರೊಡನೆ ಸಾಸಿವೆ ಕಾಳಿನಂತಹ ಕಂದು ಗುಂಡುಗಳು ಕಂಡರೆ ಅದು ಸ್ಕ್ಲೆರೋಷಿಯಂ ರೋಲ್ಫ್ಸಿಯಿಂದ ಬರುವ ಬುಡ ಕೊಳೆ. ಸಂಶಯವಿದ್ದರೆ ಬುಡದ ತುಂಡನ್ನು ಒದ್ದೆ ಕಾಗದದಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಮೂರು ದಿನ ನೆರಳಿನಲ್ಲಿಡಿ. ಬಿಳಿ ಬೆಳವಣಿಗೆ ಸ್ಪಷ್ಟವಾಗುತ್ತದೆ. ಈ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಆದ್ದರಿಂದ ಅಂತಹ ಗಿಡವನ್ನು ಬುಡದ ಮಣ್ಣುಸಹಿತ ಹೊಲದಿಂದ ಹೊರಗೊಯ್ದು ನಾಶಪಡಿಸಿ, ತಿಪ್ಪೆಗೆ ಹಾಕಬೇಡಿ. ಅರೆಕಳಿತ ಗೊಬ್ಬರವೂ ಈ ಶಿಲೀಂಧ್ರಕ್ಕೆ ಆಹಾರವಾಗುತ್ತದೆ.

ಹೂವಾಡಿದ ನಂತರ ಮಳೆ ಕೈಕೊಟ್ಟು ಮಣ್ಣು ಕಾದಾಗ ಗಿಡಗಳು ಅಕಾಲದಲ್ಲಿ ಒಣಗಿ, ಎಲೆಗಳು ಉದುರದೆ ತೊಟ್ಟಿಗೇ ಜೋತುಬಿದ್ದಿದ್ದರೆ ಬುಡದ ಸಿಪ್ಪೆಯನ್ನು ಉಗುರಿನಿಂದ ಸುಲಿದು ನೋಡಿ. ಒಳಗೆ ಇದ್ದಿಲು ಪುಡಿ ಉದುರಿಸಿದಂತೆ ಸೂಕ್ಷ್ಮ ಕಪ್ಪು ಚುಕ್ಕೆಗಳಿದ್ದರೆ ಮ್ಯಾಕ್ರೋಫೊಮಿನಾ ಫೇಸಿಯೋಲಿನಾದಿಂದ ಬರುವ ಇದ್ದಿಲು ಕೊಳೆ ಎಂದು ತಿಳಿಯಬೇಕು. ಭೂತಗನ್ನಡಿಯಲ್ಲಿ ಚುಕ್ಕೆಗಳು ಇನ್ನೂ ಚೆನ್ನಾಗಿ ಕಾಣುತ್ತವೆ. ಫ್ಯುಸೇರಿಯಂ ಮಾತ್ರ ಕಣ್ಣಿಗೆ ಸುಲಭವಾಗಿ ಸಿಗದು; ಬೇರಿನ ಒಳಭಾಗ ಕಂದಾಗಿರುವುದೊಂದೇ ಸುಳಿವು, ಖಚಿತಪಡಿಸಲು ಪ್ರಯೋಗಾಲಯವೇ ಬೇಕು.

ಮಾದರಿ ಕಳುಹಿಸುವಾಗ ಸಂಪೂರ್ಣ ಸತ್ತ ಗಿಡಗಳನ್ನು ಆರಿಸಬೇಡಿ. ಸತ್ತ ಬೇರಿನಲ್ಲಿ ಕೊಳೆತಿನಿಗಳು ಸೇರಿಕೊಂಡು ದಾರಿ ತಪ್ಪಿಸುತ್ತವೆ. ಈಗಷ್ಟೇ ಬಾಡುತ್ತಿರುವ ಐದಾರು ಗಿಡಗಳನ್ನು ಬೇರು, ಮಣ್ಣುಸಹಿತ ಕಾಗದದ ಚೀಲದಲ್ಲಿ ಹಾಕಿ, ಬಿತ್ತನೆ ದಿನ ಮತ್ತು ಹಿಂದಿನ ಬೆಳೆಯ ಹೆಸರು ಬರೆದು ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿ.

ಇದ್ದಿಲು ಕೊಳೆ ಖಚಿತವಾದ ಹೊಲದ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಕಡಲೆಯ ಒಣ ಬೇರು ಕೊಳೆಗೂ ಹಿಂಗಾರಿ ಜೋಳದ ಇದ್ದಿಲು ಕಾಂಡ ಕೊಳೆಗೂ ಇದೇ ಶಿಲೀಂಧ್ರ ಕಾರಣ. ಹೀಗಾಗಿ ಕಡಲೆಯ ಬದಲು ಜೋಳ ಬಿತ್ತಿದರೂ ಅದು ತಪ್ಪುವುದಿಲ್ಲ. ಅಲ್ಲಿ ಕಡಲೆಯನ್ನೇ ಬಿತ್ತುವುದಾದರೆ ಪ್ರತಿ ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡಿ, ಬಿತ್ತನೆಯನ್ನು ತಡಮಾಡದೆ, ನೀರಿನ ಅನುಕೂಲವಿದ್ದಲ್ಲಿ ಕಾಯಿ ಕಟ್ಟುವ ಹಂತದಲ್ಲಿ ಒಂದು ಲಘು ನೀರಾವರಿ ಕೊಡಿ.