ಕಾಂದಿವಲಿ ಲೋಕಲ್ಲಿನಲ್ಲಿ ಕನ್ನಡ ಇ-ಪುಸ್ತಕ: ಯಂತ್ರ ಮೊದಲು ಬಂತು, ಅಕ್ಷರ ತಡವಾಯ್ತು

ಕಾಂದಿವಲಿಯ ಠಾಕೂರ್ ವಿಲೇಜ್ ಕಡೆ ಮನೆ ಮಾಡಿಕೊಂಡು, ಮಲಾಡಿಗೋ ಗೋರೆಗಾಂವಿಗೋ ಐಟಿ ಕೆಲಸಕ್ಕೆ ಹೋಗುವ ನಮ್ಮವರು ಕೇಳುವ ಪ್ರಶ್ನೆ ಇದು: ಮಗುವಿಗೆ ಟ್ಯಾಬಲ್ಲೇ ಕನ್ನಡ ಓದಿಸಬಹುದಾ? ಕಿಂಡಲ್ ತಗೊಂಡ್ರೆ ಆಗುತ್ತಾ? ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹಿಂದಕ್ಕೆ ಅಂದ್ರೆ ಬೆಂಗಳೂರಿಗಲ್ಲ, ಇದೇ ಮುಂಬಯಿಗೆ.

ಕಂಪ್ಯೂಟರಿನಲ್ಲಿ ಕನ್ನಡ ಅಂದ ಕೂಡಲೆ ಬರಬೇಕಾದ ಹೆಸರು ಕಿನ್ನಿಕಂಬಳ ಪದ್ಮನಾಭ ರಾವ್, ಅಂದ್ರೆ ಕೆ.ಪಿ. ರಾವ್. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಟಾಟಾ ಪ್ರೆಸ್ಸಿನಲ್ಲಿ ಕೆಲಸ ಮಾಡಿದವರು. ನಮ್ಮ ವರ್ಣಮಾಲೆ, ಒತ್ತಕ್ಷರ, ಗುಣಿತ ಎಲ್ಲವನ್ನೂ ಇಂಗ್ಲಿಷಿನ 26 ಕೀಲಿಗಳಲ್ಲೇ ಹಿಡಿಸಬಹುದು ಅಂತ ತೋರಿಸಿದವರು. ನುಡಿಯಲ್ಲಿ ಟೈಪ್ ಮಾಡಿದವರಿಗೆ ಗೊತ್ತು: 'ಕ್ಕ' ಬೇಕಾದರೆ ಕೆ, ಎಫ್, ಕೆ. ಆ ಎಫ್ ಕೀಲಿ ಒತ್ತಕ್ಷರಕ್ಕೆ ಹಾದಿ ಮಾಡಿಕೊಡುತ್ತೆ. ಆ ವಿನ್ಯಾಸದ ಬೇರು ರಾಯರದ್ದೇ. ಇನ್ನೊಬ್ಬರು ಯು.ಬಿ. ಪವನಜ, ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ಅವರ 'ವಿಶ್ವಕನ್ನಡ' ಜಾಲಪತ್ರಿಕೆ ಶುರುವಾದದ್ದು 1996ರಲ್ಲಿ. ಆಗ ನಮ್ಮಲ್ಲಿ ಬಹಳ ಜನ ಇಂಟರ್ನೆಟ್ಟನ್ನೇ ನೋಡಿರಲಿಲ್ಲ.

ಅಂದ್ರೆ ತಲೆ ಇತ್ತು, ಕೆಲಸವೂ ನಡೆದಿತ್ತು. ಹಾಗಾದ್ರೆ ತಡ ಯಾಕಾಯ್ತು?

1991ರ ಮೊದಲ ಯೂನಿಕೋಡಿನಲ್ಲೇ ಕನ್ನಡಕ್ಕೆ ಜಾಗ ಇತ್ತು. ಆದರೆ ನಮ್ಮ ಪ್ರಕಾಶಕರ ಡಿಟಿಪಿ ಪೇಜ್‌ಮೇಕರಿನಲ್ಲಿ, ನುಡಿ-ಬರಹದ ಹಳೆಯ ಫಾಂಟುಗಳಲ್ಲೇ ವರ್ಷಗಟ್ಟಲೆ ನಡೀತು. ಆ ಕಡತದಲ್ಲಿ ಕಣ್ಣಿಗೆ ಕಾಣೋದು ಕನ್ನಡ, ಒಳಗೆ ಇರೋದು ರೋಮನ್ ಚಿಹ್ನೆಗಳು. ಫಾಂಟ್ ತೆಗೆದರೆ ಬರೀ ಕಸ. ಕಾಗದದ ಮೇಲೆ ಅಚ್ಚು ಹಾಕೋಕೆ ಏನೂ ತೊಂದರೆ ಇಲ್ಲ, ಇ-ಪುಸ್ತಕ ಮಾಡೋಕೆ ಹೊರಟಾಗಲೇ ಗೊತ್ತಾಗೋದು. ಪರಿವರ್ತಕಗಳು ಇದ್ದವು, ನಿಜ. ಪರಿವರ್ತಿಸಿದ ಮೇಲೆ ಇಡೀ ಪುಸ್ತಕದ ಕರಡು ಮತ್ತೆ ತಿದ್ದಬೇಕಿತ್ತು. ಮಾರಾಟವೇ ಕಮ್ಮಿ ಇರುವಾಗ ಯಾರು ತಿದ್ದುತ್ತಾರೆ?

ಯಂತ್ರ ಮಾಡುವವರೂ ನಮಗಾಗಿ ಅವಸರ ಮಾಡಲಿಲ್ಲ. ಆಂಡ್ರಾಯ್ಡ್ ತನ್ನ ಪಟ್ಟಿಗೆ ಕನ್ನಡ ಸೇರಿಸಿದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಎಷ್ಟೋ ಫೋನುಗಳಲ್ಲಿ ಕನ್ನಡ ಅಂದ್ರೆ ಸಾಲುಸಾಲು ಚೌಕದ ಡಬ್ಬಿಗಳು. 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್ಲಿಗೆ ಐದು ಭಾರತೀಯ ಭಾಷೆ ತಂತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇಲ್ಲ! ಚರ್ಚ್‌ಗೇಟ್ ಲೋಕಲ್ಲಿನ ಒಂದೇ ಸೀಟಿನಲ್ಲಿ ಕೂತ ಮರಾಠಿಯವರಿಗೂ ಗುಜರಾತಿಯವರಿಗೂ ಅವರ ಭಾಷೆಯ ಪುಸ್ತಕ ಸಿಕ್ತು, ಕಾಂದಿವಲಿಯಲ್ಲಿ ಹತ್ತಿದ ಕನ್ನಡಿಗರಿಗೆ ಸಿಗಲಿಲ್ಲ. ಈ ಪಟ್ಟಿಯನ್ನು ನಾವು ಇನ್ನೂ ಜೋರಾಗಿ ಕೇಳಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಮೈಲ್ಯಾಂಗ್‌ನಂಥ ನಮ್ಮದೇ ಆ್ಯಪುಗಳು ಬಂದದ್ದು ಆಮೇಲೆ.

ಇದು ಬರೀ ಅನುಕೂಲದ ಮಾತಲ್ಲ. ಮುಂಬಯಿಯ ಎಷ್ಟೋ ಕರಾವಳಿ ಮನೆಗಳಲ್ಲಿ ಮಾತು ತುಳು ಅಥವಾ ಕೊಂಕಣಿ. ಬೀದಿಯಲ್ಲಿ ಹಿಂದಿ, ಮರಾಠಿ. ಆಫೀಸಲ್ಲಿ ಇಂಗ್ಲಿಷ್. ಕನ್ನಡ ಇಲ್ಲಿ ಉಳಿದದ್ದು ಓದಿನಲ್ಲಿ: ಪತ್ರಿಕೆ, ಸಂಘದ ಲೈಬ್ರರಿ, ರಾತ್ರಿ ಶಾಲೆ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಕೋಟೆ ಕಡೆಯ ಕನ್ನಡ ಶಾಲೆಗಳಲ್ಲಿ ಕೂತು ಮೆಟ್ರಿಕ್ ಮಾಡಿದ ಊರು ಇದು. ಅಂಥ ಮನೆಯಲ್ಲಿ ಓದು ನಿಂತರೆ ಕನ್ನಡ ಮಾತಿನಲ್ಲಾದರೂ ಉಳಿಯುತ್ತೆ ಅನ್ನೋ ಹಾಗಿಲ್ಲ.

ಶಾಲೆಯ ಕಥೆ ಬೇರೆ ಥರ. ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತೆ, ಕನ್ನಡವೂ ಒಂದು. ಬ್ಯಾಗಿನ ಭಾರ ಇಳಿಸೋಕೆ ಅಂತ 2015ರಲ್ಲಿ ಅದೇ ಪಾಲಿಕೆ ಎಂಟನೇ ಕ್ಲಾಸಿನವರಿಗೆ ಟ್ಯಾಬ್ ಹಂಚಲು ಶುರು ಮಾಡಿತು. ಆದರೆ ಟ್ಯಾಬ್ ಕೊಳ್ಳೋದು ಒಂದು ಟೆಂಡರಿನ ಕೆಲಸ. ಎಂಟು ಭಾಷೆಯ ಪಾಠ ತುಂಬಿ, ವರ್ಷವರ್ಷ ತಿದ್ದೋದು ಮೇಷ್ಟ್ರುಗಳ ಕೆಲಸ, ಅದಕ್ಕೆ ಉದ್ಘಾಟನೆ ಸಮಾರಂಭ ಇರೋದಿಲ್ಲ ನೋಡಿ.

ಇನ್ನು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದುವ ನಿಮ್ಮ ಮಗುವಿನ ವಿಷಯ. ಕರ್ನಾಟಕದ ಪಠ್ಯಪುಸ್ತಕಗಳೂ ಮಹಾರಾಷ್ಟ್ರದ ಬಾಲಭಾರತಿಯ ಕನ್ನಡ ಪುಸ್ತಕಗಳೂ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ. ಆರಿಂಚಿನ ಫೋನಿನಲ್ಲಿ ಅದನ್ನು ಓದಿಸಬೇಡಿ. ಪುಟವನ್ನು ಅತ್ತಿತ್ತ ಎಳೆದೇ ಮಗುವಿಗೆ ಸಾಕಾಗುತ್ತೆ. ಹತ್ತಿಂಚಿನ ಟ್ಯಾಬ್ ಬೇಕು, ಇಲ್ಲವೇ ಪ್ರಿಂಟ್ ತೆಗೆಸಿ. ಕಥೆ ಪುಸ್ತಕವಾದ್ರೆ ಕೊಳ್ಳುವ ಮೊದಲು ಸ್ಯಾಂಪಲ್ ತೆರೆದು ಅಕ್ಷರ ದೊಡ್ಡದು ಮಾಡಿ ನೋಡಿ. ಸಾಲುಗಳು ತಾವೇ ಮುರಿದು ಪರದೆಗೆ ಹೊಂದಿಕೊಂಡರೆ ಅದು ಇ-ಪುಸ್ತಕ. ಪುಟ ಪರದೆಯ ಆಚೆ ಹೋದರೆ ಅದು ಕಾಗದದ ಫೋಟೋ ಅಷ್ಟೇ.